ಲಂಡನ್‌ನಿಂದ ಸಿಡ್ನಿಗೆ: ನಡುವೆ ಎಲ್ಲಿ ಇಳಿದು ಹತ್ತಿದರೆ ಒಳ್ಳೆಯದು?

ಲಂಡನ್‌ನಿಂದ ಸಿಡ್ನಿಗೆ ಆಕಾಶದ ದಾರಿಯಲ್ಲಿ ಸುಮಾರು 17,000 ಕಿ.ಮೀ. ಇದಕ್ಕಿಂತ ತುಂಬಾ ದೂರ ಹೋಗೋಣ ಅಂದರೆ ಭೂಮಿಯ ಮೇಲೆ ಜಾಗವೇ ಇಲ್ಲ. ಭೂಮಿಯ ಸುತ್ತಳತೆ 40,000 ಕಿ.ಮೀ. ಚಿಲ್ಲರೆ. ಅದರ ಅರ್ಧ, ಅಂದರೆ 20,000 ಕಿ.ಮೀ. ದಾಟಿದರೆ ಇನ್ನೊಂದು ಕಡೆಯಿಂದ ಸುತ್ತಿಕೊಂಡು ಹೋಗುವುದೇ ಹತ್ತಿರವಾಗುತ್ತದೆ.

1947ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ವಿಮಾನ ಕಂಪನಿ ಕ್ವಾಂಟಾಸ್ ಈ ಮಾರ್ಗ ಶುರು ಮಾಡಿದಾಗ ನಾಲ್ಕು ದಿನ ಬೇಕಾಗುತ್ತಿತ್ತು. ಡಾರ್ವಿನ್, ಸಿಂಗಪುರ, ಕಲ್ಕತ್ತಾ, ಕರಾಚಿ, ಕೈರೋ, ಟ್ರಿಪೋಲಿ ಎಂದು ಇಳಿದಿಳಿದು ಹೋಗಬೇಕಿತ್ತು. ಈಗ ಒಂದು ಕಡೆ ಇಳಿದರೆ ಸಾಕು. ಆದರೆ ಟಿಕೆಟ್ ಹುಡುಕಲು ಕೂತವರಿಗೆ ಗೊಂದಲ ಶುರುವಾಗುವುದೇ ಇಲ್ಲಿ. ಒಂದು ಟಿಕೆಟ್ 22 ಗಂಟೆ ಅನ್ನುತ್ತದೆ, ಇನ್ನೊಂದು 27, ಮತ್ತೊಂದು 35. ಸಿಂಗಪುರ, ದುಬೈ, ದೋಹಾ, ಹಾಂಗ್‌ಕಾಂಗ್, ಆಸ್ಟ್ರೇಲಿಯಾದ ಪಶ್ಚಿಮ ತುದಿಯ ಪರ್ತ್, ಕೊನೆಗೆ ಲಾಸ್ ಏಂಜಲೀಸ್ ಕೂಡ ಪಟ್ಟಿಯಲ್ಲಿ ಬರುತ್ತದೆ. ಬೆಲೆ ನೋಡಿ ಒಂದನ್ನು ಒತ್ತಿಬಿಡುವವರೇ ಜಾಸ್ತಿ. ಇಷ್ಟು ಉದ್ದದ ಪ್ರಯಾಣಕ್ಕೆ ಅದು ಸಾಲದು ಅನ್ನುವುದು ನನ್ನ ಅಭಿಪ್ರಾಯ.

ದೂರ ನೋಡಿ ಆರಿಸಲು ಆಗುವುದಿಲ್ಲ

ಮೊದಲು ದೂರದ ಲೆಕ್ಕ ಮುಗಿಸಿಬಿಡೋಣ. ಎಲ್ಲವೂ ಕಿ.ಮೀ.ಗಳಲ್ಲಿ, ಹತ್ತಿರದ ಅಂದಾಜು:

ಹಾಂಗ್‌ಕಾಂಗ್ ಮೂಲಕ: 9,650 + 7,370 = 17,020
ಸಿಂಗಪುರದ ಮೂಲಕ: 10,880 + 6,300 = 17,180
ದುಬೈ ಮೂಲಕ: 5,500 + 12,050 = 17,550
ದೋಹಾ ಮೂಲಕ: 5,240 + 12,370 = 17,610
ಪರ್ತ್ ಮೂಲಕ: 14,500 + 3,280 = 17,780
ಲಾಸ್ ಏಂಜಲೀಸ್ ಮೂಲಕ: 8,760 + 12,060 = 20,820

ಲಾಸ್ ಏಂಜಲೀಸ್ ಬಿಟ್ಟರೆ ಉಳಿದವುಗಳ ನಡುವೆ ಹೆಚ್ಚೆಂದರೆ 760 ಕಿ.ಮೀ. ವ್ಯತ್ಯಾಸ. ವಿಮಾನಕ್ಕೆ ಅದು ಒಂದು ಗಂಟೆಯೊಳಗಿನ ದಾರಿ.

ಈ ಪಟ್ಟಿ ನೋಡಿ ಕೆಲವರಿಗೆ ಆಶ್ಚರ್ಯವಾಗಬಹುದು. ಗೋಡೆಗೆ ನೇತುಹಾಕುವ ನಕ್ಷೆಯಲ್ಲಿ ಲಂಡನ್‌ನಿಂದ ಸಿಡ್ನಿಗೆ ಗೆರೆ ಎಳೆದರೆ ಅದು ದುಬೈ ಕಡೆಯಿಂದ ಹೋದ ಹಾಗೆ ಕಾಣುತ್ತದೆ. ಹಾಂಗ್‌ಕಾಂಗ್ ಎಲ್ಲೋ ಮೇಲೆ, ಸುತ್ತು ದಾರಿ ಅನ್ನಿಸುತ್ತದೆ. ಗ್ಲೋಬ್ ಮೇಲೆ ಒಂದು ದಾರ ಎಳೆದು ನೋಡಿ. ದಾರ ಲಂಡನ್‌ನಿಂದ ಈಶಾನ್ಯಕ್ಕೆ ಹೊರಡುತ್ತದೆ. ಡೆನ್ಮಾರ್ಕ್, ಬಾಲ್ಟಿಕ್ ಸಮುದ್ರ, ರಷ್ಯಾ, ಚೀನಾ ದಾಟಿ ಹಾಂಗ್‌ಕಾಂಗ್ ಪಕ್ಕದಲ್ಲೇ ಇಳಿದು ಆಸ್ಟ್ರೇಲಿಯಾ ಸೇರುತ್ತದೆ. ದುಂಡಗಿನ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಹಿಗ್ಗಿಸಿದ್ದರಿಂದ ಕಣ್ಣಿಗೆ ಆಗುವ ಮೋಸ ಇದು.

ಹಾಗಂತ ಹಾಂಗ್‌ಕಾಂಗ್ ದಾರಿಯೇ ಬೇಗ ಎಂದುಕೊಳ್ಳಬೇಡಿ. 2022ರ ಫೆಬ್ರವರಿಯ ನಂತರ ರಷ್ಯಾದ ಆಕಾಶ ಬ್ರಿಟನ್ನಿನ ಮತ್ತು ಯುರೋಪಿನ ಹೆಚ್ಚಿನ ವಿಮಾನಗಳಿಗೆ ಮುಚ್ಚಿದೆ. ಅವು ದಕ್ಷಿಣದಿಂದ ಸುತ್ತಿಕೊಂಡು ಹೋಗುತ್ತವೆ. ಲಂಡನ್‌–ಟೋಕಿಯೋ ವಿಮಾನಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಮೊದಲು ಹನ್ನೆರಡು ಗಂಟೆಯೊಳಗೆ ಮುಗಿಯುತ್ತಿದ್ದ ಹಾರಾಟ ಈಗ ಹದಿನಾಲ್ಕರ ಹತ್ತಿರ ಬಂದಿದೆ. ಚೀನಾದ ಕಂಪನಿಗಳು ಈಗಲೂ ರಷ್ಯಾದ ಮೇಲೆಯೇ ಹಾರುತ್ತವೆ. ಹಾಗಾಗಿ ಲಂಡನ್ ಮತ್ತು ಚೀನಾದ ಯಾವುದೋ ಒಂದು ಊರಿನ ನಡುವೆ ಚೀನಾದ ವಿಮಾನ ಒಂದೆರಡು ಗಂಟೆ ಬೇಗ ತಲುಪಬಹುದು. ಅಂತರ ಅಷ್ಟೇ, ಸಮಯ ಬೇರೆ.

ಗಂಟೆಗಳನ್ನು ಓದುವುದು ಹೇಗೆ

ಯಾವ ಎರಡು ಊರಾದರೂ ಸರಿ, ಒಂದು ಸುಲಭ ಅಂದಾಜು ಇದೆ. ದೂರವನ್ನು 870ರಿಂದ ಭಾಗಿಸಿ, ಮೇಲೆ ಅರ್ಧ ಗಂಟೆ ಸೇರಿಸಿ. ದೊಡ್ಡ ವಿಮಾನಗಳು ಮೇಲೆ ಗಂಟೆಗೆ ಸುಮಾರು 900 ಕಿ.ಮೀ. ಹೋಗುತ್ತವೆ. ಏರುವಾಗ, ಇಳಿಯುವಾಗ, ರನ್‌ವೇ ತನಕ ಉರುಳುವಾಗ ಆಗುವ ತಡಕ್ಕೆ ಆ ಅರ್ಧ ಗಂಟೆ. ಲಂಡನ್‌–ಸಿಂಗಪುರಕ್ಕೆ ಲೆಕ್ಕ ಹಾಕಿ: 13 ಗಂಟೆ ಬರುತ್ತದೆ. ನಿಜಕ್ಕೂ ಅಷ್ಟೇ ಹಿಡಿಯುತ್ತದೆ.

ಆದರೆ ವಾಪಸ್ ಬರುವಾಗ ಅದೇ ದಾರಿಗೆ 14 ಗಂಟೆ. ಕಾರಣ ಗಾಳಿ. ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಜೆಟ್ ಸ್ಟ್ರೀಮ್ ಇದೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 300 ಕಿ.ಮೀ. ದಾಟುವುದೂ ಉಂಟು. ಪೂರ್ವಕ್ಕೆ ಹೋಗುವಾಗ ಅದು ಹಿಂದಿನಿಂದ ತಳ್ಳುತ್ತದೆ, ಬರುವಾಗ ಎದುರು ನಿಲ್ಲುತ್ತದೆ. 2024ರ ಏಪ್ರಿಲ್‌ನಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಸಿಕ್ಕಿತು. ಇರಾನಿನ ಆಕಾಶ ತಪ್ಪಿಸಬೇಕಾಗಿ ಬಂದಾಗ ಕ್ವಾಂಟಾಸ್‌ನ ಪರ್ತ್‌–ಲಂಡನ್ ವಿಮಾನ ಇಂಧನಕ್ಕಾಗಿ ಸಿಂಗಪುರದಲ್ಲಿ ಇಳಿಯಬೇಕಾಯಿತು. ಲಂಡನ್‌–ಪರ್ತ್ ವಿಮಾನ ಮಾತ್ರ ಎಲ್ಲೂ ಇಳಿಯದೆ ಬರುತ್ತಲೇ ಇತ್ತು. ಅದೇ ವಿಮಾನ, ಅದೇ ದೂರ, ಗಾಳಿ ಮಾತ್ರ ಬೇರೆ.

ಇನ್ನು ಟಿಕೆಟ್ ಮೇಲಿನ ಹೊತ್ತು. ಹೊರಡುವುದು ಆ ಊರಿನ ಗಡಿಯಾರ, ತಲುಪುವುದು ಈ ಊರಿನ ಗಡಿಯಾರ. ಎರಡನ್ನೂ ನೇರವಾಗಿ ಕಳೆದರೆ ಲೆಕ್ಕ ತಪ್ಪುತ್ತದೆ. ಜನವರಿಯಲ್ಲಿ ಸೋಮವಾರ ರಾತ್ರಿ 9ಕ್ಕೆ ಲಂಡನ್ ಬಿಟ್ಟು ಬುಧವಾರ ಬೆಳಿಗ್ಗೆ 7ಕ್ಕೆ ಸಿಡ್ನಿ ತಲುಪಿದರೆ ಗಡಿಯಾರದಲ್ಲಿ 34 ಗಂಟೆ ಕಾಣುತ್ತದೆ. ಸಿಡ್ನಿ 11 ಗಂಟೆ ಮುಂದಿರುವುದರಿಂದ ನಿಜವಾದ ಪ್ರಯಾಣ 23 ಗಂಟೆ. ವಾಪಸ್ ಬರುವಾಗ ಉಲ್ಟಾ. ಸೋಮವಾರ ಸಂಜೆ 4ಕ್ಕೆ ಹೊರಟು ಮಂಗಳವಾರ ಬೆಳಗಿನ ಜಾವ 5ಕ್ಕೆ ಲಂಡನ್‌ನಲ್ಲಿ ಇಳಿದರೆ ಬರೀ 13 ಗಂಟೆಯ ಹಾಗೆ ಕಾಣುತ್ತದೆ, ಕೂತದ್ದು 24 ಗಂಟೆ. ಎರಡೂ ಕಡೆ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ. ಆದರೆ ಅಲ್ಲಿ ಬೇಸಿಗೆ ಇದ್ದಾಗ ಇಲ್ಲಿ ಚಳಿಗಾಲ. ಹಾಗಾಗಿ ಜುಲೈಯಲ್ಲಿ ವ್ಯತ್ಯಾಸ 9 ಗಂಟೆ, ಜನವರಿಯಲ್ಲಿ 11. ಏಪ್ರಿಲ್ ಮತ್ತು ಅಕ್ಟೋಬರ್ ಸುಮಾರಿಗೆ ಗಡಿಯಾರ ಬದಲಾಗುವ ನಡುವಿನ ಒಂದರಿಂದ ನಾಲ್ಕು ವಾರ 10. ಮನೆಯವರಿಗೆ ಇಳಿಯುವ ಹೊತ್ತು ಹೇಳುವ ಮುಂಚೆ ಇದನ್ನೊಮ್ಮೆ ನೋಡಿಕೊಳ್ಳಿ.

13+8, 7+14, 17+4

ಈಗ ಮುಖ್ಯ ವಿಷಯ. ಸಿಂಗಪುರದ ಮೂಲಕ ಹೋದರೆ ಸಿಡ್ನಿ ತನಕ ಗಾಳಿಯಲ್ಲಿರುವುದು ಸುಮಾರು 21 ಗಂಟೆ. ದುಬೈ ಮೂಲಕವೂ ಸುಮಾರು 21. ಪರ್ತ್ ಮೂಲಕವೂ ಅಷ್ಟೇ. ಅಂದ ಮೇಲೆ ನೀವು ಆರಿಸುತ್ತಿರುವುದು ಬೇಗ ತಲುಪುವ ದಾರಿಯನ್ನಲ್ಲ. ಆ 21 ಗಂಟೆಯನ್ನು ಎಲ್ಲಿ ಮುರಿಯಬೇಕು ಅನ್ನುವುದನ್ನು.

ಸಿಂಗಪುರದಲ್ಲಿ ಅದು 13 ಮತ್ತು 8 ಆಗಿ ಮುರಿಯುತ್ತದೆ. ನನಗೆ ಹೋಗುವಾಗ ಇದೇ ಸರಿ ಅನ್ನಿಸುತ್ತದೆ. ರಾತ್ರಿ ಲಂಡನ್ ಬಿಟ್ಟರೆ ಉದ್ದದ ಭಾಗ ನಿದ್ದೆಯ ಹೊತ್ತಿಗೇ ಬರುತ್ತದೆ. ಊಟ, ನಿದ್ದೆ, ಒಂದೆರಡು ಸಿನಿಮಾ ಅನ್ನುವಷ್ಟರಲ್ಲಿ 13 ಗಂಟೆ ಹೇಗೋ ಕಳೆಯುತ್ತದೆ. ಇಳಿಯುವ ಹೊತ್ತಿಗೆ ಅಲ್ಲಿ ಸಂಜೆ. ಕಾಲು ಸಡಿಲ ಮಾಡಿಕೊಂಡು, ಬೇಕಿದ್ದರೆ ದುಡ್ಡು ಕೊಟ್ಟು ಸ್ನಾನ ಮಾಡಿ ಮತ್ತೆ ಹತ್ತಿದರೆ ಉಳಿದದ್ದು ಒಂದು ರಾತ್ರಿಯ ಹಾರಾಟ. ಬೆಳಿಗ್ಗೆ ಸಿಡ್ನಿ. ಬೇಜಾರಿನ ಭಾಗ ಮೊದಲೇ ಮುಗಿದಿರುತ್ತದೆ, ಸುಸ್ತಾದ ಮೇಲೆ ಉಳಿಯುವುದು ಚಿಕ್ಕ ಭಾಗ. ಇದೇ ಅದರ ಗುಣ.

ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದ ಬಗ್ಗೆ ಒಂದು ಮಾತು. ಅಲ್ಲಿ ಹೆಚ್ಚಿನ ಟರ್ಮಿನಲ್‌ಗಳಲ್ಲಿ ಭದ್ರತಾ ತಪಾಸಣೆ ಗೇಟ್ ಬಾಗಿಲಲ್ಲೇ ನಡೆಯುತ್ತದೆ. ಒಳಗೆ ತುಂಬಿಸಿಕೊಂಡ ನೀರಿನ ಬಾಟಲಿಯನ್ನು ಗೇಟ್ ಹತ್ತಿರ ಖಾಲಿ ಮಾಡಲೇಬೇಕು. ಕೊನೆ ಗಳಿಗೆಯಲ್ಲಿ ಓಡಿ ಬಂದರೂ ಅಲ್ಲೊಂದು ಸಾಲು ಕಾದಿರುತ್ತದೆ. ಐದೂವರೆ ಗಂಟೆಗಿಂತ ಜಾಸ್ತಿ ಸಮಯ ಇದ್ದರೆ ನಿಲ್ದಾಣದವರೇ ಪುಕ್ಕಟೆಯಾಗಿ ಊರು ಸುತ್ತಿಸುವ ಏರ್ಪಾಡಿದೆ. ಸಿಂಗಪುರಕ್ಕೆ ಒಳಬರಲು ನಿಮ್ಮ ಪಾಸ್‌ಪೋರ್ಟ್‌ಗೆ ವೀಸಾ ಬೇಕೇ ಎಂದು ಮೊದಲು ನೋಡಿಕೊಳ್ಳಿ.

ದುಬೈ, ದೋಹಾ ದಾರಿಯಲ್ಲಿ ಮುರಿಯುವುದು 7 ಮತ್ತು 14. ಮೊದಲ ಏಳು ಗಂಟೆ ನಿದ್ದೆಗೆ ಸಾಲುವುದಿಲ್ಲ. ಏರಿ ಊಟ ಕೊಟ್ಟು ತಟ್ಟೆ ತೆಗೆಯುವಷ್ಟರಲ್ಲಿ ಎರಡು ಗಂಟೆ ಹೋಗಿರುತ್ತದೆ. ಇಳಿಯುವ ಒಂದೂವರೆ ಗಂಟೆ ಮುಂಚೆ ಮತ್ತೆ ದೀಪ ಹಾಕುತ್ತಾರೆ. ಕಣ್ಣು ಕೆಂಪಾಗಿಸಿಕೊಂಡು ಇಳಿದ ಮೇಲೆ ಇನ್ನೂ 14 ಗಂಟೆ ಬಾಕಿ ಇರುತ್ತದೆ. ಹೋಗುವಾಗ ಇದು ನನಗೆ ಹಿಡಿಸುವುದಿಲ್ಲ. ವಾಪಸ್ ಬರುವಾಗ ಮಾತ್ರ ಇದೇ ದಾರಿ ಒಳ್ಳೆಯದು. ಸಿಡ್ನಿಯಿಂದ ರಾತ್ರಿ ಹೊರಟರೆ 14 ಗಂಟೆ ಮೊದಲು ಮುಗಿಯುತ್ತದೆ, ಕೊನೆಗೆ ಬರೀ ಏಳೂವರೆ ಗಂಟೆ ಉಳಿಯುತ್ತದೆ. ಹೋಗುವಾಗ ಸಿಂಗಪುರ, ಬರುವಾಗ ಕೊಲ್ಲಿ ದೇಶ (ದುಬೈ ಅಥವಾ ದೋಹಾ) ಎಂದು ಬೇರೆ ಬೇರೆ ಕಂಪನಿಯಲ್ಲಿ ಬುಕ್ ಮಾಡಿದರೆ ದರ ಕೆಲವೊಮ್ಮೆ ಜಾಸ್ತಿಯಾಗುತ್ತದೆ. ಆದರೂ ಒಮ್ಮೆ ಹುಡುಕಿ ನೋಡಲು ಏನೂ ಖರ್ಚಿಲ್ಲ ಅಲ್ವಾ?

ಕೊಲ್ಲಿಯ ದಾರಿಗೆ ಇನ್ನೊಂದು ಲಾಭ ಇದೆ. ನೀವು ಇರುವುದು ಲಂಡನ್‌ನಲ್ಲಿ ಅಲ್ಲ, ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್ ಅಥವಾ ಗ್ಲಾಸ್ಗೋದಲ್ಲಿ ಎಂದಿಟ್ಟುಕೊಳ್ಳಿ. ಅಲ್ಲಿಂದ ನೇರವಾಗಿ ದುಬೈಗೆ ವಿಮಾನ ಇದೆ. ಲಂಡನ್ನಿನ ಹೀಥ್ರೂ ನಿಲ್ದಾಣದ ತನಕ ಬರುವ ಕಷ್ಟ ತಪ್ಪುತ್ತದೆ. ಉಳಿತಾಯವಾಗುವ ಆ ನಾಲ್ಕೈದು ಗಂಟೆ ಟಿಕೆಟ್ ಹುಡುಕುವ ಪುಟದಲ್ಲಿ ಎಲ್ಲೂ ಕಾಣುವುದಿಲ್ಲ. ಅಪಾಯವೂ ಒಂದಿದೆ. ಆ ಭಾಗದಲ್ಲಿ ಗಲಾಟೆಯಾದರೆ ಆಕಾಶ ಮುಚ್ಚುತ್ತದೆ. 2025ರ ಜೂನ್ 23ರಂದು ಕತಾರ್ ಕೆಲವು ಗಂಟೆ ತನ್ನ ಆಕಾಶ ಮುಚ್ಚಿದಾಗ ದೋಹಾಕ್ಕೆ ಹೊರಟಿದ್ದ ವಿಮಾನಗಳು ಬೇರೆ ಬೇರೆ ಊರುಗಳಲ್ಲಿ ಇಳಿಯಬೇಕಾಯಿತು. ಹೊರಡುವ ವಾರದ ಸುದ್ದಿ ನೋಡಿಯೇ ಹೋಗುವುದು ಒಳ್ಳೆಯದು.

ಪರ್ತ್ ದಾರಿ 17 ಮತ್ತು 4. ಲಂಡನ್‌ನಿಂದ ಪರ್ತ್‌ಗೆ ಕ್ವಾಂಟಾಸ್‌ನ ಬೋಯಿಂಗ್ 787-9 ಎಲ್ಲೂ ಇಳಿಯದೆ ಹಾರುತ್ತದೆ. 2018ರ ಮಾರ್ಚ್‌ನಲ್ಲಿ ಶುರುವಾಯಿತು. ಯುರೋಪ್ ಮತ್ತು ಆಸ್ಟ್ರೇಲಿಯಾ ನಡುವಿನ ಮೊದಲ ನೇರ ಪ್ರಯಾಣಿಕ ಸೇವೆ ಅದು. ನೀವು ಹೋಗುವುದೇ ಪರ್ತ್‌ಗೆ ಆದರೆ ಬೇರೆ ಯೋಚನೆಯೇ ಬೇಡ. ಸಿಡ್ನಿಗೆ ಹೋಗುವವರು ಮಾತ್ರ ಸ್ವಲ್ಪ ಯೋಚಿಸಬೇಕು. ಎಕಾನಮಿಯಲ್ಲಿ ಒಂದೇ ಸೀಟಿನಲ್ಲಿ 17 ಗಂಟೆ ಎಂದರೆ ಮೊಣಕಾಲಿಗೆ ಗೊತ್ತು ಅದರ ಕಷ್ಟ. ದೇಶದೊಳಗಿನ ಬೇರೆ ವಿಮಾನ ಹಿಡಿಯುವುದಾದರೆ ಪರ್ತ್‌ನಲ್ಲೇ ಇಮಿಗ್ರೇಷನ್, ಕಸ್ಟಮ್ಸ್ ಮುಗಿಸಿ, ಲಗೇಜ್ ತೆಗೆದುಕೊಂಡು ಮತ್ತೆ ಕೊಡಬೇಕು. ಆಮೇಲೆ ಸಿಡ್ನಿಯಲ್ಲಿ ಸುಮ್ನೆ ಇಳಿದು ಮನೆಗೆ ಹೋಗಬಹುದು, ಅದೊಂದು ಸಮಾಧಾನ. ನಡುವೆ ಮೂರನೆಯ ದೇಶವೊಂದು ಬರುವುದಿಲ್ಲ. ವಯಸ್ಸಾದ ತಂದೆ ತಾಯಿ ಒಬ್ಬರೇ ಪ್ರಯಾಣ ಮಾಡುವಾಗ, ಅಪರಿಚಿತ ದೊಡ್ಡ ನಿಲ್ದಾಣದಲ್ಲಿ ನಡುರಾತ್ರಿ ಗೇಟ್ ಹುಡುಕುವುದು ಬೇಡ ಅನ್ನಿಸಿದರೆ ಇದನ್ನು ನೋಡಬಹುದು. ಆದರೆ ಅಷ್ಟು ಹೊತ್ತು ಕೂರುವುದರಿಂದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇರುವವರು ವೈದ್ಯರನ್ನು ಕೇಳದೆ ಹೊರಡಬಾರದು. ನಾಲ್ಕು ಗಂಟೆ ದಾಟಿದ ಯಾವ ಪ್ರಯಾಣದಲ್ಲೂ ಆ ಅಪಾಯ ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ.

ಲಾಸ್ ಏಂಜಲೀಸ್ ದಾರಿಯನ್ನು ಬೇಗ ಮುಗಿಸುತ್ತೇನೆ. 26 ಗಂಟೆ ಗಾಳಿಯಲ್ಲಿ. ಬರೀ ವಿಮಾನ ಬದಲಿಸುವುದಕ್ಕೂ ಅಮೆರಿಕದ ವೀಸಾ ಅಥವಾ ಮುಂಗಡ ಅನುಮತಿ ಬೇಕು, ಲಗೇಜ್ ತೆಗೆದು ಮತ್ತೆ ಹಾಕಬೇಕು. ಅಲ್ಲಿ ನಾಲ್ಕು ದಿನ ಉಳಿಯುವ ಆಸೆ ಇದ್ದರೆ ಮಾತ್ರ ಅರ್ಥ ಇದೆ.

ಎಲ್ಲೂ ಇಳಿಯದ ವಿಮಾನ ಬರುವ ತನಕ ಕಾಯಬೇಕೇ?

ಲಂಡನ್‌–ಸಿಡ್ನಿ ನಡುವೆ ಎಲ್ಲೂ ಇಳಿಯದೆ ಹಾರಿದ್ದು ಹೊಸದೇನಲ್ಲ. 1989ರ ಆಗಸ್ಟ್‌ನಲ್ಲೇ ಕ್ವಾಂಟಾಸ್‌ನ ಹೊಸ ಬೋಯಿಂಗ್ 747-400 ಒಂದು 20 ಗಂಟೆ 9 ನಿಮಿಷದಲ್ಲಿ ಈ ದಾರಿ ಮುಗಿಸಿತ್ತು. ಆದರೆ ಟಿಕೆಟ್ ಕೊಂಡ ಪ್ರಯಾಣಿಕರು ಅದರಲ್ಲಿ ಇರಲಿಲ್ಲ. 2019ರ ನವೆಂಬರ್‌ನಲ್ಲಿ 787-9 ಒಂದು 19 ಗಂಟೆ 19 ನಿಮಿಷದಲ್ಲಿ ಹಾರಿತು. ಒಳಗೆ ಇದ್ದವರು ಸುಮಾರು 50 ಜನ. ಪೂರ್ತಿ ಜನ, ಪೂರ್ತಿ ಸಾಮಾನು ತುಂಬಿದರೆ ಆ ದೂರಕ್ಕೆ ಬೇಕಾದ ಇಂಧನ ಹೊರಲು ಆಗುತ್ತಿರಲಿಲ್ಲ. ತೊಂದರೆ ಇರುವುದೇ ಇಲ್ಲಿ. ಕೊನೆಯ ಗಂಟೆಗಳಿಗೆ ಬೇಕಾದ ಇಂಧನವನ್ನು ಮೊದಲ ಹದಿನೈದು ಗಂಟೆ ಹೊತ್ತುಕೊಂಡೇ ಹಾರಬೇಕು. ಅದನ್ನು ಹೊರುವುದಕ್ಕೇ ಇನ್ನಷ್ಟು ಇಂಧನ ಉರಿಯುತ್ತದೆ.

ಇದಕ್ಕಾಗಿ ಕ್ವಾಂಟಾಸ್ 2022ರಲ್ಲಿ 12 ಏರ್‌ಬಸ್ ಎ350-1000 ವಿಮಾನಗಳನ್ನು ಆರ್ಡರ್ ಮಾಡಿತು. 20,000 ಲೀಟರ್ ಹಿಡಿಯುವ ಇನ್ನೊಂದು ಟ್ಯಾಂಕ್ ಅದರಲ್ಲಿರುತ್ತದೆ. ಬೇರೆಯವರು ಇದೇ ವಿಮಾನದಲ್ಲಿ ಮುನ್ನೂರು ದಾಟಿ ಸೀಟು ಹಾಕುತ್ತಾರೆ, ಇಲ್ಲಿ 238 ಮಾತ್ರ. ಗರಿಷ್ಠ 22 ಗಂಟೆ ಹಾರಬಲ್ಲದು. ಸೇವೆ 2027ರಲ್ಲಿ ಶುರು ಮಾಡುವ ಯೋಜನೆ ಇದೆ. ಒಂದು ಕಡೆ ಇಳಿದು ಹೋಗುವುದಕ್ಕಿಂತ ನಾಲ್ಕು ಗಂಟೆ ತನಕ ಉಳಿಯುತ್ತದೆ ಎಂದು ಕಂಪನಿ ಹೇಳುತ್ತದೆ.

ಸೀಟು ಕಡಿಮೆ, ಇಂಧನ ಜಾಸ್ತಿ. ಟಿಕೆಟ್ ಅಗ್ಗವಾಗಿ ಸಿಗುತ್ತದೆ ಎಂದು ನಾನಂತೂ ನಂಬುವುದಿಲ್ಲ. ಮಲಗುವ ಸೀಟು ಕೊಳ್ಳುವವರಿಗೆ, ಕಂಪನಿ ದುಡ್ಡಲ್ಲಿ ಹೋಗುವವರಿಗೆ ಇದು ಚೆನ್ನಾಗಿರಬಹುದು. ಸ್ವಂತ ದುಡ್ಡಲ್ಲಿ ಎಕಾನಮಿ ಟಿಕೆಟ್ ಕೊಳ್ಳುವವರು ಇದಕ್ಕಾಗಿ ಪ್ರಯಾಣ ಮುಂದೂಡುವ ಅಗತ್ಯ ಇಲ್ಲ.

ನಡುವೆ ಎಷ್ಟು ಹೊತ್ತು ಬಿಡಬೇಕು

ನಾಲ್ಕು ಗಂಟೆ ಉಳಿಸುವ ಬಗ್ಗೆ ಇಷ್ಟು ಮಾತಾಡುತ್ತೇವೆ. ಆದರೆ ನಡುವಿನ ಕಾಯುವಿಕೆ ಸರಿಯಾಗಿ ಆರಿಸಿದರೆ ಅದಕ್ಕಿಂತ ಜಾಸ್ತಿ ಉಳಿಯುತ್ತದೆ. 22 ಗಂಟೆಯ ಟಿಕೆಟ್‌ಗೂ 35 ಗಂಟೆಯ ಟಿಕೆಟ್‌ಗೂ ಇರುವ ವ್ಯತ್ಯಾಸ ಹೆಚ್ಚಾಗಿ ಕಾಯುವುದರಲ್ಲೇ ಇರುತ್ತದೆ. ಎರಡರಿಂದ ಮೂರು ಗಂಟೆ ಸರಿ. ಒಂದು ಗಂಟೆ ಚಿಲ್ಲರೆ ಎಂದರೆ ಮೊದಲ ವಿಮಾನ ತಡವಾದರೆ ನೀವು ಓಡಿ ಹಿಡಿದರೂ ಲಗೇಜ್ ಹಿಡಿಯುವುದಿಲ್ಲ. ಎಂಟು ಗಂಟೆ ಎಲ್ಲಕ್ಕಿಂತ ಕೆಟ್ಟದ್ದು. ಹೊರಗೆ ಹೋಗಿ ಹೋಟೆಲ್‌ನಲ್ಲಿ ಮಲಗಲು ಸಾಲದು, ಒಳಗೆ ಕೂರಲು ಜಾಸ್ತಿ. ಅಷ್ಟು ಹೊತ್ತು ಇರುವುದಾದರೆ ಪೂರ್ತಿ ಒಂದು ರಾತ್ರಿ ಉಳಿಯುವುದೇ ಮೇಲು. ಮಕ್ಕಳ ಜೊತೆ ಹೋಗುವವರಿಗೆ ನಾನು ಯಾವಾಗಲೂ ಇದನ್ನೇ ಹೇಳುತ್ತೇನೆ.

ಎರಡೂ ಹಾರಾಟ ಒಂದೇ ಬುಕಿಂಗ್‌ನಲ್ಲಿ ಇರಲಿ. ಅಗ್ಗ ಎಂದು ಎರಡು ಬೇರೆ ಟಿಕೆಟ್ ಕೊಂಡರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಕಂಪನಿ ಜವಾಬ್ದಾರಿ ತೆಗೆದುಕೊಳ್ಳುವುದಿಲ್ಲ. ಒಂದೇ ಬುಕಿಂಗ್ ಆದರೆ ಮುಂದಿನ ವಿಮಾನಕ್ಕೆ ಅವರೇ ಹತ್ತಿಸಬೇಕು. ಲಂಡನ್‌ನಿಂದ ಹೊರಡುವ ಯಾವ ಕಂಪನಿಯ ವಿಮಾನವಾದರೂ ಬ್ರಿಟನ್ನಿನ ಪರಿಹಾರದ ಕಾನೂನು ಅನ್ವಯವಾಗುತ್ತದೆ. ಕೊನೆಯ ಊರಿಗೆ ನಾಲ್ಕು ಗಂಟೆಗಿಂತ ತಡವಾಗಿ ತಲುಪಿ, ತಪ್ಪು ಕಂಪನಿಯದೇ ಆಗಿದ್ದರೆ, ಇಷ್ಟು ದೂರದ ಪ್ರಯಾಣಕ್ಕೆ 520 ಪೌಂಡ್ ಕೇಳಬಹುದು. ದುಬೈಯಲ್ಲಿ ವಿಮಾನ ತಪ್ಪಿ ಸಿಡ್ನಿಗೆ ತಡವಾದರೂ ಲೆಕ್ಕಕ್ಕೆ ಬರುವುದು ಸಿಡ್ನಿಯ ತಡವೇ. ಹವಾಮಾನ ಕೆಟ್ಟದ್ದು, ಆಕಾಶ ಮುಚ್ಚಿದ್ದು ಇದರಲ್ಲಿ ಸೇರುವುದಿಲ್ಲ.

ಸಿಡ್ನಿಯ ಮುಖ್ಯ ವಿಮಾನ ನಿಲ್ದಾಣದಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 6ರ ತನಕ ವಿಮಾನ ಏರಿಳಿಯಲು ನಿರ್ಬಂಧ ಇದೆ. ಅಕ್ಕಪಕ್ಕದ ಜನರ ನಿದ್ದೆಗಾಗಿ ಮಾಡಿದ ನಿಯಮ. ಬೆಳಿಗ್ಗೆ 6 ಆಗುತ್ತಿದ್ದಂತೆ ಇಳಿಯುವ ವಿಮಾನಗಳ ಸಾಲೇ ಇರುವುದು ಇದಕ್ಕೇ. ಆ ಹೊತ್ತಿಗೆ ಇಮಿಗ್ರೇಷನ್‌ನಲ್ಲೂ ಜನಜಂಗುಳಿ. ರಾತ್ರಿ 10ರ ಸುಮಾರಿಗೆ ತಲುಪುವ ಟಿಕೆಟ್ ಅಗ್ಗವಾಗಿ ಕಂಡರೂ ನಾನು ಹಿಂಜರಿಯುತ್ತೇನೆ. ಒಂದು ಗಂಟೆ ತಡವಾದರೆ ವಿಮಾನ ಬೇರೆ ಊರಿನಲ್ಲಿ ಇಳಿಯಬೇಕಾಗಬಹುದು. ವಾಪಸ್ ಹೊರಡುವಾಗಲೂ ರಾತ್ರಿ 10ರ ನಂತರದ ವಿಮಾನಕ್ಕೆ ಇದೇ ಭಯ. 11ರೊಳಗೆ ಏರದಿದ್ದರೆ ಮರುದಿನ ಬೆಳಿಗ್ಗೆಯೇ.